ಪೋಸ್ಟ್ ಮಾಯವಾಗುವ ಮೊದಲು: ಫೇಸ್‌ಬುಕ್, ವಾಟ್ಸಾಪ್ ಬರಹವನ್ನು ಕೋರ್ಟಿಗೆ ಕೊಂಡುಹೋಗುವ ಕ್ರಮ

ಕಾಸರಗೋಡಿನ ವಿದ್ಯಾನಗರದಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್, ಫೈಲಿಂಗ್, ಕನ್ನಡ-ತುಳು ಕಾಗದಪತ್ರಗಳ ಇಂಗ್ಲಿಷ್ ಅನುವಾದ ನನ್ನ ಕೆಲಸ. ನಾನು ವಕೀಲೆಯಲ್ಲ. ಆದರೆ ಕಕ್ಷಿದಾರರು ಮೊದಲು ಫೋನ್ ಚಾಚುವುದು ನನ್ನ ಮೇಜಿನ ಮುಂದೆ. "ನೋಡಿ ಮೇಡಂ, ಎಂತೆಲ್ಲ ಬರೆದಿದ್ದಾನೆ" ಎಂದು ಗ್ಯಾಲರಿ ತೆರೆಯುತ್ತಾರೆ. ನಾನು ಬರೆದದ್ದನ್ನು ಓದುವ ಮೊದಲು ಕೇಳುವುದು ಬೇರೆಯೇ: ಪೋಸ್ಟ್ ಈಗಲೂ ಅಲ್ಲಿ ಉಂಟಾ? ಲಿಂಕ್ ಉಂಟಾ? ಈ ಸ್ಕ್ರೀನ್‌ಶಾಟ್ ತೆಗೆದ ಫೋನ್ ಯಾರದ್ದು? ಉತ್ತರ ಹೆಚ್ಚಾಗಿ ಒಂದೇ ರೀತಿ ಇರುತ್ತದೆ. ಪೋಸ್ಟ್ ಹೋಗಿದೆ, ಲಿಂಕ್ ಇಲ್ಲ, ಚಿತ್ರ ಶಾರ್ಜಾದಲ್ಲಿರುವ ಅಳಿಯ ಕಳಿಸಿದ್ದು.

ಅಂಥ ಚಿತ್ರದಿಂದ ಏನೂ ಆಗುವುದಿಲ್ಲ ಎಂದಲ್ಲ. ಆದರೆ ಎದುರು ವಕೀಲರು "ಇದನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ತಯಾರಿಸಬಹುದು" ಎಂದು ಒಂದು ಮಾತು ಹೇಳಿದರೆ ನಿಮ್ಮ ಕೈಯಲ್ಲಿ ಉತ್ತರ ಬೇಕು. ಆ ಉತ್ತರವನ್ನು ಪೋಸ್ಟ್ ಕಣ್ಣಿಗೆ ಬಿದ್ದ ದಿನವೇ ಕಟ್ಟಿಕೊಳ್ಳಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬದಿಯಡ್ಕ ಕಡೆಯ ಒಂದು ದೇವಸ್ಥಾನದ ಬ್ರಹ್ಮಕಲಶ ಸಮಿತಿಯ ಕೋಶಾಧಿಕಾರಿ. ಲೆಕ್ಕಪತ್ರ ಮಂಡಿಸಿದ ಮರುದಿನ 'ಊರಿನ ಹಿತೈಷಿ' ಎಂಬ ಹೆಸರಿನ ಫೇಸ್‌ಬುಕ್ ಖಾತೆಯಲ್ಲಿ, ಕೋಶಾಧಿಕಾರಿ ಕಲಶದ ದುಡ್ಡು ನುಂಗಿದ ಎಂದು ಬರಹ ಬಂತು. ಅದೇ ಸಂಜೆ ಸಮಿತಿಯ ವಾಟ್ಸಾಪ್ ಗ್ರೂಪಿನಲ್ಲಿ ಅದರ ಮೇಲೆ ತುಳುವಿನಲ್ಲಿ ಒಂದು ವಾಯ್ಸ್ ಮೆಸೇಜ್. ಉದಾಹರಣೆ ನಾನೇ ಕಟ್ಟಿದ್ದು, ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳಬೇಡಿ.

ಕೋರ್ಟಿಗೆ ಬೇಕಾದದ್ದು ಏನು

ಬರಹ ಎಷ್ಟು ಕೆಟ್ಟದು ಎಂಬುದು ಆಮೇಲಿನ ಮಾತು. ಮೊದಲು ಮೂರು ಸಂಗತಿ ನಿಲ್ಲಬೇಕು. ಈ ಬರಹ ಇಂಥ ದಿನ ಇಂಥ ಜಾಗದಲ್ಲಿ ಇತ್ತು, ಅಲ್ಲಿಂದ ಕೋರ್ಟಿನ ಮೇಜಿನವರೆಗೆ ಬರುವಾಗ ಅದು ಬದಲಾಗಲಿಲ್ಲ, ಅದನ್ನು ಬರೆದದ್ದು ಈ ಮನುಷ್ಯನೇ. ನಾನು ಕಂಡಂತೆ ಎಲ್ಲರೂ ಮೊದಲನೆಯದಕ್ಕೆ ಶಕ್ತಿಯೆಲ್ಲ ಹಾಕುತ್ತಾರೆ. ಕೇಸು ಮುಗ್ಗರಿಸುವುದು ಮೂರನೆಯದರಲ್ಲಿ.

ಕಾನೂನು 1 ಜುಲೈ 2024ರಿಂದ ಬದಲಾಗಿದೆ. 1872ರ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ 2023 ಬಂತು. ಫೋನ್, ಕಂಪ್ಯೂಟರಿನ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಜೊತೆಗಿಡಬೇಕಾದ, ಹಳೆಯವರ ಬಾಯಲ್ಲಿ ಇನ್ನೂ 'ಸಿಕ್ಸ್ಟಿ ಫೈವ್ ಬಿ' (ಹಳೆಯ ಕಾಯ್ದೆಯ ಕಲಂ 65ಬಿ) ಎಂದೇ ಓಡುವ ಪ್ರಮಾಣಪತ್ರ ಈಗ ಕಲಂ 63ರಲ್ಲಿದೆ. ಆ ದಿನಕ್ಕಿಂತ ಮೊದಲೇ ವಿಚಾರಣೆಯಲ್ಲಿದ್ದ ಕೇಸುಗಳು ಹಳೆಯ ಕಾಯ್ದೆಯಲ್ಲೇ ನಡೆಯುತ್ತವೆ, ಹಾಗಾಗಿ ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಎರಡೂ ಫಾರ್ಮುಗಳು ಉಂಟು.

ಈ ಪ್ರಮಾಣಪತ್ರ ಬರೀ ಕಾಗದದ ಕಿರಿಕಿರಿ ಎಂದುಕೊಳ್ಳುವವರಿಗೆ ನಾನು ಕೇರಳದ್ದೇ ಒಂದು ಕೇಸು ಹೇಳುತ್ತೇನೆ. ಮಲಪ್ಪುರಂ ಜಿಲ್ಲೆಯ ಏರನಾಡು ಕ್ಷೇತ್ರದ 2011ರ ಚುನಾವಣೆಯಲ್ಲಿ ಸೋತ ಪಿ.ವಿ. ಅನ್ವರ್, ಗೆದ್ದ ಪಿ.ಕೆ. ಬಶೀರ್ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದರು. ತನ್ನ ಹೆಸರು ಕೆಡಿಸುವ ಹಾಡು, ಮೈಕಿನ ಪ್ರಚಾರ ನಡೆದಿತ್ತು ಎಂದು ತೋರಿಸಲು ಕೊಟ್ಟದ್ದು ಸೀಡಿಗಳನ್ನು. ಅವು ರೆಕಾರ್ಡ್ ಮಾಡಿದ್ದನ್ನು ಕಂಪ್ಯೂಟರಿಗೆ ಹಾಕಿ ಮತ್ತೆ ಬರೆದ ಪ್ರತಿಗಳು, ಜೊತೆಗೆ ಪ್ರಮಾಣಪತ್ರ ಇರಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ಕೋರ್ಟು ಅವನ್ನು ಪಕ್ಕಕ್ಕಿಟ್ಟಿತು. ಪ್ರಚಾರಕ್ಕೆ ಬಳಸಿದ ಮೂಲ ಸೀಡಿಗಳನ್ನೇ ತಂದಿದ್ದರೆ ಮಾತು ಬೇರೆ ಇರುತ್ತಿತ್ತು ಎಂದೂ ಹೇಳಿತು. 2020ರ ಜುಲೈಯಲ್ಲಿ ಅರ್ಜುನ್ ಖೋತ್ಕರ್ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳು ಇದನ್ನೇ ಗಟ್ಟಿ ಮಾಡಿದರು. ಪ್ರತಿ ಕೊಡುವುದಾದರೆ ಪ್ರಮಾಣಪತ್ರ ಬೇಕೇ ಬೇಕು. ಮೂಲ ಸಾಧನವನ್ನೇ ಅದರ ಮಾಲೀಕ ಸಾಕ್ಷಿಕಟ್ಟೆಗೆ ತಂದು, ಇದು ನನ್ನದು, ನಾನೇ ಬಳಸುವುದು ಎಂದು ಹೇಳಿದರೆ ಬೇಡ. ಪ್ರಮಾಣಪತ್ರ ಕೊಡಬೇಕಾದವರು ಕೊಡದಿದ್ದರೆ ಕೋರ್ಟಿನ ಮೂಲಕ ಕೇಳಬಹುದು.

ಆದ್ದರಿಂದ ಫೋನ್ ಬದಲಿಸುವ ಯೋಚನೆ ಇದ್ದರೆ ಮುಂದೆ ಹಾಕಿ. ಎಕ್ಸ್‌ಚೇಂಜ್ ಆಫರಿಗೆ ಹಳೆಯ ಫೋನ್ ಕೊಟ್ಟು ಬಂದವರ ಕಥೆ ಕೇಳಿ ಕೇಳಿ ಸಾಕಾಗಿದೆ.

ಸೆರೆಹಿಡಿಯುವುದು

ಮೊದಲ ನಿಯಮ: ಉತ್ತರ ಬರೆಯಬೇಡಿ, ರಿಪೋರ್ಟ್ ಒತ್ತಬೇಡಿ, ಹತ್ತು ಗ್ರೂಪಿಗೆ ದಾಟಿಸಬೇಡಿ. ಉತ್ತರ ಕಂಡರೆ ಅವನು ಅಳಿಸಿಬಿಡುತ್ತಾನೆ. ರಿಪೋರ್ಟ್ ಮಾಡಿದರೆ ಕಂಪೆನಿಯೇ ತೆಗೆದುಹಾಕಬಹುದು, ಆಗ ಲಿಂಕ್ ಸಾಯುತ್ತದೆ. ದಾಟಿಸಿದರೆ ನಿಮ್ಮ ಮಾನ ಹೋಯಿತೆನ್ನುವ ಮಾತನ್ನು ಊರಿಗೆ ಹಂಚಿದವರಲ್ಲಿ ನೀವೂ ಒಬ್ಬರಾಗುತ್ತೀರಿ. ಎಲ್ಲ ಸೆರೆಹಿಡಿದ ಮೇಲೆ ರಿಪೋರ್ಟ್ ಧಾರಾಳವಾಗಿ ಮಾಡಿ.

ಫೇಸ್‌ಬುಕ್ಕಿನಲ್ಲಿ ಪೋಸ್ಟಿನ ಹೆಸರಿನ ಕೆಳಗೆ '5 ಗಂಟೆ' ಎಂದೋ 'ನಿನ್ನೆ' ಎಂದೋ ಇರುತ್ತದೆಯಲ್ಲ, ಅದನ್ನು ಒತ್ತಿದರೆ ಆ ಪೋಸ್ಟ್ ಮಾತ್ರ ತನ್ನದೇ ವಿಳಾಸದೊಂದಿಗೆ ತೆರೆದುಕೊಳ್ಳುತ್ತದೆ. ಆ ಲಿಂಕ್ ಕಾಪಿ ಮಾಡಿ. ಕಂಪ್ಯೂಟರಿನಲ್ಲಾದರೆ ಮೌಸನ್ನು ಆ ಸಮಯದ ಮೇಲೆ ಇಟ್ಟಾಗ ಪೂರ್ಣ ದಿನಾಂಕ, ಗಂಟೆ ಕಾಣುತ್ತದೆ, ಆಗ ಸ್ಕ್ರೀನ್‌ಶಾಟ್ ತೆಗೆಯಿರಿ. 'ನಿನ್ನೆ' ಎಂದು ಬರೆದ ಚಿತ್ರ ಆರು ತಿಂಗಳ ನಂತರ ಯಾವ ನಿನ್ನೆ? ಪೋಸ್ಟನ್ನು ತಿದ್ದಿದ್ದರೆ ಎಡಿಟ್ ಹಿಸ್ಟರಿಯನ್ನೂ ತೆರೆದು ತೆಗೆಯಿರಿ. ಆಮೇಲೆ ಪ್ರೊಫೈಲಿಗೆ ಹೋಗಿ. 'ಊರಿನ ಹಿತೈಷಿ' ನಾಳೆ 'ನಾಡಿನ ಹಿತೈಷಿ' ಆಗಬಹುದು, ಕಾಣುವ ಹೆಸರು ಬದಲಿಸುವುದು ಕ್ಷಣದ ಕೆಲಸ. ಪ್ರೊಫೈಲ್ ಪುಟದ ವಿಳಾಸ, ಅದರಲ್ಲಿ ಸಂಖ್ಯೆ ಇದ್ದರೆ ಆ ಸಂಖ್ಯೆ, ಅವನ ಫೋಟೋ, ಹಳೆಯ ಪೋಸ್ಟುಗಳು ಎಲ್ಲವೂ ಬೇಕು. ಯಾವುದೋ ಹಳೆಯ ಯಕ್ಷಗಾನದ ಫೋಟೋಗೆ ಅವನ ಅಕ್ಕನೇ "ತಮ್ಮಾ, ಮನೆಗೆ ಯಾವಾಗ ಬರುತ್ತಿ" ಎಂದು ಕಮೆಂಟ್ ಹಾಕಿರುತ್ತಾಳೆ. ಬರೆದವನು ಯಾರು ಎಂಬುದನ್ನು ತೋರಿಸುವುದು ಇಂಥ ಸಣ್ಣ ಸಂಗತಿಗಳು, ಬೈಗುಳದ ಇಪ್ಪತ್ತು ಪ್ರತಿಗಳಲ್ಲ.

ಸ್ಕ್ರೀನ್‌ಶಾಟಿನ ಜೊತೆ ಒಂದು ಸ್ಕ್ರೀನ್ ರೆಕಾರ್ಡಿಂಗ್ ಮಾಡಿ. ಮೊದಲು ಫೋನಿನ ದಿನಾಂಕ, ಗಂಟೆ ತೋರಿಸಿ, ಬ್ರೌಸರ್ ತೆರೆದು, ಲಿಂಕ್ ಹಾಕಿ, ಪೋಸ್ಟ್ ಬರುವವರೆಗೆ ಕಾದು, ಕಮೆಂಟುಗಳ ಕೊನೆಯವರೆಗೆ ನಿಧಾನ ಇಳಿಸಿ, ಪ್ರೊಫೈಲಿಗೆ ಹೋಗಿ ನಿಲ್ಲಿಸಿ. ಮಧ್ಯೆ ಕತ್ತರಿಸಬೇಡಿ. ಇನ್‌ಸ್ಟಾಗ್ರಾಂ ಸ್ಟೋರಿಯಾದರೆ 24 ಗಂಟೆಯಲ್ಲಿ ಹೋಗುತ್ತದೆ, ಊಟ ಬಿಟ್ಟಾದರೂ ಮೊದಲು ಇದನ್ನು ಮಾಡಿ. ಯೂಟ್ಯೂಬ್ ಕಮೆಂಟಿಗೂ ಅದರ ಸಮಯ ಒತ್ತಿದರೆ ಪ್ರತ್ಯೇಕ ಲಿಂಕ್ ಸಿಗುತ್ತದೆ.

ವಾಟ್ಸಾಪ್ ಬೇರೆ ಜಾತಿ. ಅಲ್ಲಿ ಲಿಂಕ್ ಇಲ್ಲ, ಸಂದೇಶಗಳು ಗೂಢಲಿಪಿಯಲ್ಲಿ ಹೋಗುವುದರಿಂದ ಕಂಪೆನಿಯನ್ನು ಕೇಳಿ ಬರಹ ಪಡೆಯುವ ಆಸೆಯೂ ಬೇಡ. ನಿಮ್ಮ ಫೋನೇ ಮೂಲ. 'ಎಲ್ಲರಿಗೂ ಅಳಿಸು' ಒತ್ತಲು ಕಳಿಸಿದವನಿಗೆ ಎರಡು ದಿನಕ್ಕಿಂತ ತುಸು ಹೆಚ್ಚು ಸಮಯ ಇರುತ್ತದೆ, ಗ್ರೂಪ್ ಅಡ್ಮಿನ್ ಕೂಡ ಅಳಿಸಬಹುದು. ಗ್ರೂಪಿನಲ್ಲಿ ಮಾಯವಾಗುವ ಸಂದೇಶಗಳ ಸೆಟ್ಟಿಂಗ್ ಇದ್ದರೆ 24 ಗಂಟೆ, 7 ದಿನ ಅಥವಾ 90 ದಿನ. ಅದನ್ನು ನೋಡಿಕೊಳ್ಳಿ.

ಇನ್ನೊಂದು ವಿಷಯ ನಾನು ಪ್ರತಿ ಸಲ ಹೇಳುತ್ತೇನೆ, ಯಾರೂ ನೆನಪಿಡುವುದಿಲ್ಲ. ವಾಟ್ಸಾಪ್ ಚಿತ್ರದಲ್ಲಿ ಮೇಲೆ ಕಾಣುವ ಹೆಸರು ನೀವೇ ಸೇವ್ ಮಾಡಿದ್ದು. ಒಬ್ಬರು ತಂದ ಚಿತ್ರದಲ್ಲಿ ಕಳಿಸಿದವನ ಹೆಸರು 'ಕಳ್ಳ ಬಾವ' ಎಂದಿತ್ತು. ಇನ್ನೊಬ್ಬರ ನಂಬರನ್ನು ನಾನು ಆ ಹೆಸರಿನಲ್ಲಿ ಸೇವ್ ಮಾಡಿ ಇದೇ ಚಿತ್ರ ತೆಗೆಯಬಹುದು. ಹೆಸರನ್ನು ಒತ್ತಿ, ನಂಬರ್ ಕಾಣುವ ಪುಟದ ಚಿತ್ರವನ್ನೂ ತೆಗೆಯಿರಿ. ಗ್ರೂಪ್ ಮಾಹಿತಿಯ ಪುಟ, ಸದಸ್ಯರ ಪಟ್ಟಿ, ಅಡ್ಮಿನ್ ಯಾರು ಎಂಬುದೂ ಬೇಕು. ಅಡ್ಮಿನನ್ನು ಕೇಸಿಗೆ ಸಿಕ್ಕಿಸಲಿಕ್ಕಲ್ಲ. ಸದಸ್ಯ ಹಾಕಿದ ಪೋಸ್ಟಿಗೆ ಅಡ್ಮಿನ್ ತಾನಾಗಿ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲೇ ಹೇಳಿದೆ. ಅವರು ಒಳ್ಳೆಯ ಸಾಕ್ಷಿ ಆಗಬಹುದು, ಅದಕ್ಕೆ. ನಂತರ ಚಾಟನ್ನು ಮೀಡಿಯಾ ಸಹಿತ ಎಕ್ಸ್‌ಪೋರ್ಟ್ ಮಾಡಿ. ಅಡ್ವಾನ್ಸ್ಡ್ ಚಾಟ್ ಪ್ರೈವಸಿ ಹಾಕಿದ ಗ್ರೂಪಾದರೆ ಅದು ಆಗುವುದಿಲ್ಲ, ಆಗ ರೆಕಾರ್ಡಿಂಗೇ ಗತಿ. ವಾಯ್ಸ್ ಮೆಸೇಜನ್ನು ಫೋನಿನಲ್ಲಿ ಹಾಗೆಯೇ ಬಿಡಿ.

ಮಾಡಬಾರದ ಒಂದು ಚಾಲಾಕಿ ಇದೆ: ಲಾಕ್ ಆದ ಪ್ರೊಫೈಲಿಗೆ ಹುಡುಗಿಯ ಹೆಸರಿನಲ್ಲಿ ಸುಳ್ಳು ಖಾತೆ ತೆರೆದು ಒಳಗೆ ಹೋಗುವುದು. ಅವನ ಪಾಸ್‌ವರ್ಡ್ ಊಹಿಸುವುದು ಇನ್ನೂ ಕೆಟ್ಟದು. ಆ ಪೋಸ್ಟನ್ನು ಸಹಜವಾಗಿ ನೋಡಿದ ಸ್ನೇಹಿತರು ಯಾರಾದರೂ ಇದ್ದೇ ಇರುತ್ತಾರೆ, ಅವರನ್ನು ಕೇಳಿ.

ಮಕ್ಕಳ ಅಶ್ಲೀಲ ಚಿತ್ರವಾದರೆ ಮೇಲೆ ಹೇಳಿದ್ದು ಯಾವುದೂ ಅನ್ವಯಿಸುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆಯಬೇಡಿ, ಇಟ್ಟುಕೊಳ್ಳಬೇಡಿ, "ನೋಡಿ ಹೀಗೆ ಬಂದಿದೆ" ಎಂದು ಯಾರಿಗೂ ಕಳಿಸಬೇಡಿ. ಇಟ್ಟುಕೊಳ್ಳುವುದೇ ಅಪರಾಧವಾಗಬಹುದು. ಲಿಂಕ್ ಮಾತ್ರ ಬರೆದುಕೊಂಡು ನೇರವಾಗಿ ಪೊಲೀಸರಿಗೆ ಅಥವಾ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲಿಗೆ ತಿಳಿಸಿ, ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.

ಗಲ್ಫಿನ ಅಳಿಯ

ನಮ್ಮ ಜಿಲ್ಲೆಗೆ ಇದು ಪ್ರತ್ಯೇಕ ಬೇಕು. ಪೋಸ್ಟ್ ಊರಿನದ್ದಾದರೂ ಮೊದಲು ನೋಡುವವರು ದುಬೈ, ಶಾರ್ಜಾ, ದೋಹಾದವರು. ಯುಎಇ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ 9ಕ್ಕೆ ತೆಗೆದ ಚಿತ್ರ ಇಲ್ಲಿ 10.30. ಇಬ್ಬರ ಚಿತ್ರದಲ್ಲಿ ಒಂದೇ ಪೋಸ್ಟಿಗೆ ಎರಡು ಸಮಯ ಕಂಡರೆ ಎದುರಿನವರಿಗೆ ಹಬ್ಬ. ಪ್ರಮಾಣಪತ್ರದಲ್ಲಿ ಭಾರತೀಯ ಕಾಲಮಾನವನ್ನೇ ಬರೆಯಬೇಕು, ವ್ಯತ್ಯಾಸ ಏಕೆ ಎಂಬುದನ್ನು ಅರ್ಜಿಯಲ್ಲೇ ಒಂದು ಸಾಲಿನಲ್ಲಿ ಹೇಳಿಬಿಡಿ.

ಇನ್ನೂ ದೊಡ್ಡ ತೊಡಕು, ಅಳಿಯ ತೆಗೆದ ಚಿತ್ರಕ್ಕೆ ಸಹಿ ಹಾಕಬೇಕಾದವನೂ ಬೇಕಾದರೆ ಸಾಕ್ಷಿ ಹೇಳಬೇಕಾದವನೂ ಅಳಿಯನೇ. ಅವನ ರಜೆ ಮೇ ತಿಂಗಳಿಗೆ, ಕೇಸಿನ ತಾರೀಕು ನವೆಂಬರಿಗೆ. ಅವನಿಂದ ಲಿಂಕ್ ಮಾತ್ರ ತರಿಸಿಕೊಂಡು, ಊರಿನಲ್ಲೇ ಇರುವ, ಕೋರ್ಟಿಗೆ ಬಂದು ನಿಂತು ಹೇಳಬಲ್ಲ ಒಬ್ಬರ ಫೋನಿನಲ್ಲಿ ಹೊಸದಾಗಿ ತೆಗೆಯಿರಿ. ಅಷ್ಟರಲ್ಲಿ ಪೋಸ್ಟ್ ಹೋಗಿದ್ದರೆ ಅವನ ಚಿತ್ರವೇ ಬೇಕು. ಆಗ ಅದನ್ನು ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೋ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಒಳಗಿನ ಮಾಹಿತಿ ಹೋಗುತ್ತದೆ.

ಫಾರ್ಮ್ ತುಂಬುವುದು

ಕಲಂ 63ರ ಪ್ರಮಾಣಪತ್ರದ ನಮೂನೆ ಕಾಯ್ದೆಯ ಅನುಸೂಚಿಯಲ್ಲೇ ಇದೆ. ಎರಡು ಭಾಗ. 'ಎ' ಭಾಗ ಸಾಧನ ಯಾರ ಕೈಯಲ್ಲಿತ್ತೋ ಅವರದ್ದು, 'ಬಿ' ಭಾಗ ತಜ್ಞರದ್ದು. ಹಳೆಯ 65ಬಿಯಲ್ಲಿ ಈ ತಜ್ಞರ ಭಾಗ ಇರಲಿಲ್ಲ. ತಜ್ಞರೆಂದರೆ ಯಾರು ಎಂದು ಆ ಕಲಂ ಬಿಡಿಸಿ ಹೇಳಿಲ್ಲ, ಅದನ್ನು ನಿಮ್ಮ ವಕೀಲರೇ ತೀರ್ಮಾನಿಸಲಿ. ಪೇಟೆಯ ಮೊಬೈಲ್ ರಿಪೇರಿಯವನ ಸಹಿ ತಂದು ಕೂರಬೇಡಿ.

'ಎ' ಭಾಗದಲ್ಲಿ ಫೋನಿನ ಕಂಪೆನಿ, ಮಾಡೆಲ್, ಬಣ್ಣ, ಸೀರಿಯಲ್ ನಂಬರ್, ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಕೇಳುತ್ತದೆ. *#06# ಒತ್ತಿದರೆ ಐಎಂಇಐ ಕಾಣುತ್ತದೆ, ಎರಡು ಸಿಮ್ಮಿನ ಫೋನಾದರೆ ಎರಡು ಇರುತ್ತದೆ, ಎರಡನ್ನೂ ಬರೆಯಿರಿ. ಫೋನ್ ನಿಮ್ಮ ನ್ಯಾಯಬದ್ಧ ಹಿಡಿತದಲ್ಲಿತ್ತು, ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ದೃಢಪಡಿಸಬೇಕು. ಮಗನ ಹೆಸರಿನಲ್ಲಿ ಕೊಂಡು ತಾಯಿ ಬಳಸುವ ಫೋನ್ ನಮ್ಮಲ್ಲಿ ಮನೆಗೊಂದು. ಫಾರ್ಮಿನಲ್ಲಿ ಒಡೆತನ, ನಿರ್ವಹಣೆ, ಬಳಕೆ ಬೇರೆ ಬೇರೆ ಉಂಟು, ಇದ್ದದ್ದನ್ನು ಇದ್ದ ಹಾಗೆ ಗುರುತು ಮಾಡಿ.

ಜನ ಹೆದರುವುದು ಹ್ಯಾಶ್ ವ್ಯಾಲ್ಯೂ ಎಂಬ ಸಾಲಿಗೆ. ಅದು ಕಡತದ (ಫೈಲಿನ) ಬೆರಳ ಗುರುತು, ಅಷ್ಟೆ ಮಾರಾಯ್ರೆ. ಕಡತವನ್ನು ಒಂದು ಲೆಕ್ಕಾಚಾರಕ್ಕೆ ಹಾಕಿದರೆ ಉದ್ದನೆಯ ಅಕ್ಷರ-ಅಂಕಿಗಳ ಸಾಲು ಬರುತ್ತದೆ. ಎಸ್‌ಎಚ್‌ಎ256 ಎಂಬ ಲೆಕ್ಕಾಚಾರವಾದರೆ 64 ಅಕ್ಷರ. ಚಿತ್ರದ ಅಂಚನ್ನು ಒಂದು ಕೂದಲೆಳೆ ಕತ್ತರಿಸಿ ಸೇವ್ ಮಾಡಿದರೂ ಸಾಲು ಪೂರ್ತಿ ಬೇರೆಯಾಗುತ್ತದೆ, ಕಡತದ ಹೆಸರು ಬದಲಿಸಿದರೆ ಆಗುವುದಿಲ್ಲ. ವಿಂಡೋಸ್‌ನಲ್ಲಿ 'ಸರ್ಟ್‌ಯುಟಿಲ್' ಎಂಬ ಕಮಾಂಡ್ ಮೊದಲೇ ಇರುತ್ತದೆ, ಲಿನಕ್ಸ್‌ನಲ್ಲಿ 'ಎಸ್‌ಎಚ್‌ಎ256ಸಮ್'. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್ ಕೊಟ್ಟದ್ದು ಲಿನಕ್ಸೇ ಆದ್ದರಿಂದ ಹೈಸ್ಕೂಲು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಎರಡು ನಿಮಿಷದ ಕೆಲಸ. ಬಂದ ಸಾಲನ್ನು ಕೈಯಲ್ಲಿ ಬರೆಯಬೇಡಿ, ಕಾಪಿ ಮಾಡಿ. ಹ್ಯಾಶ್ ವರದಿಯನ್ನೂ ಪ್ರಮಾಣಪತ್ರದ ಜೊತೆ ಲಗತ್ತಿಸಬೇಕು. ಈ ಲೆಕ್ಕ ತೆಗೆಯುವುದು ಮೊದಲು, ಹಳದಿ ಬಣ್ಣ ಬಳಿಯುವುದು, ಬಾಣ ಹಾಕುವುದು, ಪ್ರಿಂಟಿಗಾಗಿ ಕತ್ತರಿಸುವುದು ಎಲ್ಲ ಬೇರೆ ಪ್ರತಿಯಲ್ಲಿ, ಆಮೇಲೆ.

ಪ್ರಿಂಟ್ ಬಣ್ಣದಲ್ಲಿರಲಿ. ಕಪ್ಪು-ಬಿಳುಪು ಜೆರಾಕ್ಸಿನಲ್ಲಿ ಎಮೋಜಿ ಬರೀ ಕಪ್ಪು ಚುಕ್ಕೆ. ಅನುವಾದ ಮಾಡುವಾಗ ನಾನು ಮೂಲವನ್ನು ಕಾಗುಣಿತದ ತಪ್ಪು ಸಹಿತ ಇದ್ದಂತೆ ಟೈಪ್ ಮಾಡುತ್ತೇನೆ, ಎಮೋಜಿ ಬಂದಲ್ಲಿ 'ಬೆಂಕಿಯ ಚಿತ್ರ', 'ನಗುವ ಮುಖ, ಮೂರು' ಎಂದು ಬರೆಯುತ್ತೇನೆ, ಕೆಳಗೆ ಇಂಗ್ಲಿಷ್. ಕಕ್ಷಿದಾರರು ಪಕ್ಕದಲ್ಲಿ ಕುಳಿತು "ಇನ್ನೂ ಸ್ವಲ್ಪ ಖಾರ ಮಾಡಿ" ಅನ್ನುತ್ತಾರೆ. ಮಾಡುವುದಿಲ್ಲ. ತುಳು, ಹವ್ಯಕ, ಬ್ಯಾರಿ ಯಾವುದೇ ಇರಲಿ, ಆ ಮಾತನ್ನು ಮನೆಯಲ್ಲಿ ಆಡುವವರಿಂದಲೇ ಅನುವಾದ ಮಾಡಿಸಿ, ಏಕೆಂದರೆ ತಕರಾರು ಬಂದರೆ ಅವರನ್ನೂ ಕರೆಯುತ್ತಾರೆ. ವಾಯ್ಸ್ ಮೆಸೇಜಿಗೆ ಎಷ್ಟನೇ ಸೆಕೆಂಡಿನಲ್ಲಿ ಯಾವ ಮಾತು ಎಂದು ಬದಿಯಲ್ಲಿ ಗುರುತು ಹಾಕಿ.

ಎಲ್ಲಿಗೆ ಹೋಗುವುದು, ಎಷ್ಟರೊಳಗೆ

ಬರೀ ಮಾನಹಾನಿಯಾದರೆ ಸ್ಟೇಷನ್ನಿನಲ್ಲಿ ಜಗಳ ಮಾಡಿ ಪ್ರಯೋಜನ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 356ರ ಅಪರಾಧಕ್ಕೆ ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವಂತಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು, ಅವಧಿ ಮೂರು ವರ್ಷ. ಪರಿಹಾರ ಕೇಳಿ ಸಿವಿಲ್ ದಾವೆ ಹಾಕುವುದಾದರೆ ಒಂದೇ ವರ್ಷ. ಬೆದರಿಕೆ, ಹೆಣ್ಣುಮಕ್ಕಳ ಬೆನ್ನು ಬೀಳುವುದು, ಸುಳ್ಳು ಖಾತೆ, ಹಣದ ಮೋಸ ಇಂಥದ್ದಕ್ಕೆ ಸೈಬರ್ ಪೊಲೀಸರ ಹತ್ತಿರ ಹೋಗಿ. ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಬರೆದವನು ತಲಪಾಡಿ ಗಡಿಯ ಆಚೆ ಮಂಗಳೂರಿನಲ್ಲಿದ್ದಾನೆ, ಇಲ್ಲಿ ಆಗುವುದಿಲ್ಲ ಎಂದು ಹೇಳಿ ಕಳಿಸಿದರೆ, ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಲ್ಲಿ ಅಪರಾಧ ಎಲ್ಲೇ ನಡೆದಿದ್ದರೂ ಮಾಹಿತಿ ದಾಖಲಿಸಿಕೊಳ್ಳಬೇಕೆಂದು ಇದೆ ಎಂಬುದನ್ನು ಮೆಲ್ಲನೆ ನೆನಪಿಸಿ.

'ಊರಿನ ಹಿತೈಷಿ' ಯಾರೆಂದು ಫೇಸ್‌ಬುಕ್ ನಿಮಗಾಗಲಿ ನಿಮ್ಮ ವಕೀಲರಿಗಾಗಲಿ ಹೇಳುವುದಿಲ್ಲ. ಪೊಲೀಸರು ಅಥವಾ ಕೋರ್ಟು ಕೇಳಬೇಕು. ತನಿಖೆಗಾಗಿ ಪೊಲೀಸರು ಅಧಿಕೃತವಾಗಿ ಕೋರಿದರೆ, ಮುಂದಿನ ಕಾನೂನು ಪತ್ರ ಬರುವವರೆಗೆ ಫೇಸ್‌ಬುಕ್ಕಿನ ಒಡೆಯ ಕಂಪೆನಿ ಮೆಟಾ, ಖಾತೆಯ ದಾಖಲೆಗಳನ್ನು 90 ದಿನ ಕಾದಿಡುತ್ತದೆ. ಖಾತೆ ಅಳಿಸಿದ ಮೇಲೂ ನೋಂದಣಿ ಮಾಹಿತಿಯನ್ನು 180 ದಿನ ಇಡಬೇಕೆಂದು 2021ರ ಐಟಿ ನಿಯಮಗಳು ಹೇಳುತ್ತವೆ. ಜಾತ್ರೆ ಮುಗಿಯಲಿ, ಅಡಿಕೆ ಕೊಯ್ಲು ಮುಗಿಯಲಿ ಎಂದು ತಡ ಮಾಡಿದರೆ ಈ ದಿನಗಳು ನಿಲ್ಲುವುದಿಲ್ಲ.

ದೂರನ್ನು ಕನ್ನಡದಲ್ಲಿ ಕೊಡಬಹುದೇ ಎಂದು ಕೇಳುವವರು ಬಹಳ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ಹಕ್ಕು ಬಿಡಬೇಡಿ. ಆದರೆ ಕೈಯಲ್ಲಿ ಮಲಯಾಳ ಪ್ರತಿಯೊಂದೂ ಇರಲಿ. ಓದಲಿಕ್ಕೆ ಆಗಲಿಲ್ಲ ಎಂಬ ನೆಪಕ್ಕೆ ನಿಮ್ಮ 90 ದಿನ ಯಾಕೆ ಕೊಡಬೇಕು?

ತನಿಖೆಗೆ ಫೋನ್ ತೆಗೆದುಕೊಂಡರೆ ಮಹಜರಿನಲ್ಲಿ ಐಎಂಇಐ ಸರಿಯಾಗಿ ಬರೆದಿದ್ದಾರಾ ನೋಡಿ, ಪ್ರತಿ ಕೇಳಿ.

ನಿಮ್ಮದೇ ಪೋಸ್ಟುಗಳ ಮಾತೂ ಬರುತ್ತದೆ. ಕುಟುಂಬ ನ್ಯಾಯಾಲಯದಲ್ಲಿ ಸಾಕ್ಷ್ಯದ ನಿಯಮ ಇಷ್ಟು ಬಿಗಿ ಇಲ್ಲ, 1984ರ ಕಾಯ್ದೆಯ ಕಲಂ 14 ಅಲ್ಲಿನ ನ್ಯಾಯಾಧೀಶರಿಗೆ ಸಡಿಲ ಕೊಟ್ಟಿದೆ. ಜೀವನಾಂಶ ಕೊಡಲು ವರಮಾನ ಇಲ್ಲ ಎಂದು ಅಫಿಡವಿಟ್ ಹಾಕಿ, ಅದೇ ವಾರ ಹೊಸ ಕಾರಿನ ಪೂಜೆಯ ಫೋಟೋ ಸ್ಟೇಟಸ್ಸಿಗೆ ಹಾಕುವವರಿಗೆ ನಾನು ಏನೂ ಹೇಳಲಾರೆ. ನೋಟಿಸ್ ಬಂದ ಮೇಲೆ ಗಡಿಬಿಡಿಯಲ್ಲಿ ಎಲ್ಲ ಅಳಿಸಲು ಹೋಗಬೇಡಿ, ಸಾಕ್ಷ್ಯವಾಗಬೇಕಾದ ದಾಖಲೆ ನಾಶಪಡಿಸುವುದು ನ್ಯಾಯ ಸಂಹಿತೆಯ ಕಲಂ 241ರಲ್ಲಿ ಇನ್ನೊಂದು ಕೇಸು.

ವಕೀಲರ ಆಫೀಸಿಗೆ ಬರುವಾಗ ಫೋನ್ ತನ್ನಿ, ಅದರ ಬಿಲ್ಲು ಸಿಕ್ಕರೆ ಅದನ್ನೂ. ಲಿಂಕುಗಳನ್ನು ಒಂದು ಕಾಗದದಲ್ಲಿ ದಿನಾಂಕ ಸಹಿತ ಬರೆದು, ಮೂಲ ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿ. ಫೋನಿನ ಲಾಕ್ ಮಗಳಿಗೆ ಮಾತ್ರ ಗೊತ್ತಿದ್ದರೆ ಮಗಳನ್ನೂ ಕರೆದುಕೊಂಡು ಬನ್ನಿ, ಚಾರ್ಜರ್ ಮರೆಯಬೇಡಿ.